ಓದಲು ಬಾರದ ಹುಡುಗಿಯ ಡೈಲಾಗು

ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುವವನು. ಹೋದ ವರ್ಷ ಒಂದು ಚರ್ಚಿನ ಮಕ್ಕಳ ಕಾರ್ಯಕ್ರಮಕ್ಕೆ ಎರಡು ನಿಮಿಷದ ಕ್ರಿಸ್ಮಸ್ ಚಿತ್ರ ಮಾಡಿದೆ. ಪಾತ್ರಗಳೆಲ್ಲ ಮಕ್ಕಳೇ. ಮೊದಲು ಒಬ್ಬ ಡಬ್ಬಿಂಗ್ ಕಲಾವಿದೆಯಿಂದ ಮಕ್ಕಳ ದನಿ ಮಾಡಿಸಿದೆ. ಅವರು ಚೆನ್ನಾಗಿಯೇ ಮಾತಾಡಿದ್ದರು. ಚಿತ್ರಕ್ಕೆ ಕೂಡಿಸಿದರೆ ಮಾತ್ರ ಸೋಪಿನ ಜಾಹೀರಾತು ಕೇಳಿದ ಹಾಗಿತ್ತು!

ಆಗ ‘ಎ ಚಾರ್ಲಿ ಬ್ರೌನ್ ಕ್ರಿಸ್ಮಸ್’ ಎನ್ನುವ ಹಳೆಯ ಕಾರ್ಟೂನು ಮತ್ತೆ ಹಾಕಿಕೊಂಡು ಕೂತೆ. 1965ರ ಡಿಸೆಂಬರ್ 9ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದದ್ದು. ಅರ್ಧ ಗಂಟೆಯ ಆ ಕಾರ್ಯಕ್ರಮವನ್ನು ಸುಮಾರು ಆರು ತಿಂಗಳಲ್ಲಿ ಮುಗಿಸಿದ್ದರು. ನಿರ್ದೇಶಕ ಬಿಲ್ ಮೆಲೆಂಡೆಜ್ ಮಕ್ಕಳ ಪಾತ್ರಕ್ಕೆ ಮಕ್ಕಳಿಂದಲೇ ಮಾತಾಡಿಸಿದರು. ಚಾರ್ಲಿಯ ತಂಗಿ ಸ್ಯಾಲಿಗೆ ದನಿ ಕೊಟ್ಟ ಹುಡುಗಿಗೆ ಓದಲೇ ಬರುತ್ತಿರಲಿಲ್ಲ. ಒಂದೊಂದೇ ತುಣುಕು ಹೇಳಿಕೊಟ್ಟು, ಆಮೇಲೆ ಜೋಡಿಸಿದರು.

ನಾನೂ ಹಾಗೇ ಮಾಡಿದೆ. ಕೆಳಗಿನ ಮನೆಯ ಐದು ವರ್ಷದ ಹುಡುಗಿಯನ್ನು ಕರೆದೆ. ಮಲಗುವ ಕೋಣೆಯ ಕಿಟಕಿಗೆ ರಗ್ಗು ಕಟ್ಟಿದ್ದೇ ನಮ್ಮ ಸ್ಟುಡಿಯೊ. ಮೊದಲ ದಿನದ ರೆಕಾರ್ಡಿಂಗ್ ಪೂರ್ತಿ ವೇಸ್ಟು. ತಪ್ಪು ನನ್ನದೇ. ನಾನು ನಟಿಸಿ ಹೇಳಿಕೊಡುತ್ತಿದ್ದೆ, ಅವಳು ನನ್ನ ರಾಗವನ್ನೇ ಒಪ್ಪಿಸುತ್ತಿದ್ದಳು. ಮರುದಿನ ದಿನಸಿ ಚೀಟಿ ಓದಿದ ಹಾಗೆ ಸಪ್ಪೆಯಾಗಿ ಹೇಳಿದೆ. ಆಗ ಅವಳದೇ ಧಾಟಿ ಹೊರಗೆ ಬಂತು. ನಕ್ಷತ್ರ ಅನ್ನಲು ಬರದೆ ‘ನಚ್ಚತ್ರ’ ಅಂದಳು. ಚೆನ್ನಾಗಿ ಬಂದ ಒಂದು ಟೇಕಿನ ಮಧ್ಯೆ ಪಕ್ಕದ ಮನೆಯ ಕುಕ್ಕರ್ ಕೂಗಿತು, ಅದು ಬೇರೆ ಕಥೆ.

ಜೋಡಿಸುವಾಗ ಉಸಿರಿನ ಜಾಗಗಳನ್ನೆಲ್ಲ ಕತ್ತರಿಸಿದ್ದೆ. ಕೇಳಿದರೆ ಮಗು ಓಡುತ್ತಾ ಮಾತಾಡಿದ ಹಾಗೆ! ಒಂದೊಂದಾಗಿ ವಾಪಸ್ ಹಾಕಿದೆ. ಆ ಹಳೆಯ ಚಿತ್ರದಲ್ಲೂ ಇಂಥ ಬಿಡುವು ಜಾಸ್ತಿ. ವಾಹಿನಿಯವರಿಗೆ ಅದು ನಿಧಾನ ಅನಿಸಿತ್ತಂತೆ. ಹಿನ್ನೆಲೆಯಲ್ಲಿ ಪ್ರೇಕ್ಷಕರ ನಗುವಿನ ಸದ್ದು ಸೇರಿಸಲು ಮಾತ್ರ ಕಥೆಗಾರ ಚಾರ್ಲ್ಸ್ ಶುಲ್ಜ್ ಒಪ್ಪಲಿಲ್ಲ.

ಚಾರ್ಲಿಯ ಗೆಳೆಯ ಲೈನಸ್ ವೇದಿಕೆಯಲ್ಲಿ ನಿಂತು ಬೈಬಲ್ಲಿನ ಲೂಕನ ಸುವಾರ್ತೆಯಿಂದ ಯೇಸು ಹುಟ್ಟಿದ ಕಥೆ ಹೇಳುವ ಭಾಗವನ್ನು ಎಷ್ಟು ಸಲ ನೋಡಿದೆನೋ. ನನಗೆ ಕೊಟ್ಟಿದ್ದರೆ ದೇವದೂತರು, ಆಕಾಶ, ಬೆಳಕು ಎಲ್ಲ ಹಾರಿಸುತ್ತಿದ್ದೆ. ಅಲ್ಲಿ ಒಬ್ಬ ಹುಡುಗ, ಒಂದು ಲೈಟು, ಅಷ್ಟೇ. ಯಾವಾಗಲೂ ಕೈಯಲ್ಲಿ ಹಿಡಿದಿರುವ ಕಂಬಳಿಯನ್ನು ‘ಹೆದರಬೇಡಿ’ ಎನ್ನುವ ಮಾತಿನ ಹೊತ್ತಿಗೆ ಸುಮ್ನೆ ಕೆಳಗೆ ಬಿಡುತ್ತಾನೆ. ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ನಾನಂತೂ ಮೂರನೇ ಸಲ ನೋಡಿದಾಗ ಗಮನಿಸಿದೆ.

ಚರ್ಚಿನಲ್ಲಿ ತೋರಿಸಿದ ಮೇಲೆ ಹಿರಿಯರೊಬ್ಬರು ಬಂದು, “ಆ ನಚ್ಚತ್ರ ಸರಿ ಮಾಡಿಬಿಡಿ ಸರ್” ಅಂದರು. ಆಯ್ತು ಅಂದೆ. ಇನ್ನೂ ಮಾಡಿಲ್ಲ.