ಹಿಂದಿನ ಬೆಂಚಿನ ಹುಡುಗ ಬಾಯಿ ಬಿಡಬೇಕಾದರೆ

ಕ್ಲಾಸಿನಲ್ಲಿ ಸುಮ್ನೆ ಕೂರುವ ಮಗುವನ್ನು ಎಲ್ಲರ ಮುಂದೆ ಎಬ್ಬಿಸಿ ಪ್ರಶ್ನೆ ಕೇಳಬೇಡಿ. ಇನ್ನೂ ಜಾಸ್ತಿ ಮುದುಡಿಕೊಳ್ಳುತ್ತದೆ. ಅದಕ್ಕೆ ಏನು ಗೊತ್ತಿದೆ ಅಂತ ಮೊದಲು ಹುಡುಕಿ.

ನಮ್ಮ ಬ್ಯಾಡಗಿ ಕಡೆ ಏಳನೇ ಕ್ಲಾಸಿನ ಒಬ್ಬ ಹುಡುಗ ಲೆಕ್ಕದ ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ಅಪ್ಪನ ಜೊತೆ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುತ್ತಾನೆ ಅಂತ ಗೊತ್ತಾಯಿತು. ಮರುದಿನ ಅವನ ಪಕ್ಕದಲ್ಲೇ ಕೂತು ಕೇಳಿದೆ: "ಚೀಲದಲ್ಲಿ 40 ಕೆಜಿ ಕಾಯಿ. ಕ್ವಿಂಟಲ್‌ಗೆ 20,000 ರೂಪಾಯಿ ಆದ್ರೆ ಚೀಲಕ್ಕೆ ಎಷ್ಟು?"

"8,000 ಅಕ್ಕೋರೆ." ಪೆನ್ನು ಮುಟ್ಟಲೇ ಇಲ್ಲ! ಅದೇ ಲೆಕ್ಕದಿಂದ ಶೇಕಡಾ ಕಲಿಸಿದೆ. ಆಮೇಲೆ ಪಕ್ಕದವನಿಗೆ ಅವನೇ ಹೇಳಿಕೊಟ್ಟ. ಅವತ್ತಿನ ಅವನ ಮುಖ ನೋಡಬೇಕಿತ್ತು.

ಇನ್ನೊಂದು ಮಾತು. ಎಷ್ಟೋ ಸಲ ಮಗುವಿಗೆ ಬೋರ್ಡೇ ಸರಿಯಾಗಿ ಕಾಣುತ್ತಿರುವುದಿಲ್ಲ. ಸೋಮಾರಿ ಅನ್ನುವ ಮೊದಲು ಡಾಕ್ಟರಿಗೆ ಕಣ್ಣು ತೋರಿಸಿ.