ದಿನ ತುಂಬದೆ ಹುಟ್ಟಿದ ಕೂಸನ್ನು ಮನೆಯಲ್ಲಿ ಬೆಳೆಸುವುದು ಹೇಗೆ

ಕೂಸು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ತಾಯಿ ಕಾರ್ಡಿನ ಮೇಲೆ ಎರಡು ತಾರೀಖು ದಪ್ಪಗೆ ಬರೆದಿಡಿ: ಕೂಸು ಹುಟ್ಟಿದ ತಾರೀಖು, ಹೆರಿಗೆಗೆ ಡಾಕ್ಟರು ಕೊಟ್ಟಿದ್ದ ತಾರೀಖು. ಮುಂದಿನ ಎರಡು ವರ್ಷದ ಲೆಕ್ಕವೆಲ್ಲ ಈ ಎರಡರ ಮೇಲೆಯೇ ನಡೆಯುತ್ತದೆ. ಯಾವುದಕ್ಕೆ ಯಾವ ತಾರೀಖು ಹಿಡಿಯಬೇಕು ಎಂಬುದು ತಪ್ಪಿದರೆ ಒಂದೋ ಮನೆಮಂದಿ ಸುಮ್ಮನೆ ಹೆದರುತ್ತಾರೆ, ಇಲ್ಲವೋ ಮಾಡಿಸಲೇಬೇಕಾದ ತಪಾಸಣೆ ಕೈತಪ್ಪುತ್ತದೆ.

37 ವಾರ ತುಂಬುವ ಮೊದಲು ಹುಟ್ಟಿದ್ದು ಅವಧಿಪೂರ್ವ ಕೂಸು. ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ್ದು, 1,500 ಗ್ರಾಂಗಿಂತ ಕೆಳಗಿದ್ದರೆ ಅತಿ ಕಡಿಮೆ ತೂಕದ್ದು. "ಏಳು ತಿಂಗಳಿಂದು ಉಳೀತೈತಿ, ಎಂಟು ತಿಂಗಳಿಂದು ಉಳಿಯೂದಿಲ್ಲ" ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಕೂಸಿಗೆ ಒಳ್ಳೆಯದೇ.

ಒಂದು ಉದಾಹರಣೆ ಹಿಡಿಯೋಣ. ಕೊಟ್ಟ ತಾರೀಖು ಆಗಸ್ಟ್ 10, ಹುಟ್ಟಿದ್ದು ಜೂನ್ 15. ಅಂದರೆ ಸರಿಯಾಗಿ 8 ವಾರ ಮುಂಚೆ, 32ನೇ ವಾರಕ್ಕೆ. ಡಿಸೆಂಬರ್ 15ಕ್ಕೆ ಕೂಸಿಗೆ ಆರು ತಿಂಗಳು ತುಂಬಿದರೂ ಬೆಳವಣಿಗೆಯ ಲೆಕ್ಕದಲ್ಲಿ ಅದು ನಾಲ್ಕು ತಿಂಗಳ ಕೂಸು. ಇದಕ್ಕೆ ಸರಿಪಡಿಸಿದ ವಯಸ್ಸು ಎನ್ನುತ್ತಾರೆ. ನಗು, ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು, ತೂಕ-ಉದ್ದದ ಚಾರ್ಟ್, ಮೇಲಿನ ಆಹಾರ ಎಲ್ಲಕ್ಕೂ ಎರಡು ವರ್ಷದವರೆಗೆ ಈ ವಯಸ್ಸೇ ಲೆಕ್ಕ. ಲಸಿಕೆ, ಕಣ್ಣು-ಕಿವಿಯ ತಪಾಸಣೆ, ಕಬ್ಬಿಣದ ಹನಿಗೆ ಮಾತ್ರ ಹುಟ್ಟಿದ ತಾರೀಖು. "ಆರು ತಿಂಗಳಾತು, ಇನ್ನೂ ಬೋರಲ ಬಿದ್ದಿಲ್ಲೇನ?" ಎಂದು ಕೇಳಿದವರಿಗೆ "ಇನ್ನೂ ನಾಲ್ಕು ತಿಂಗಳರೀ" ಎಂದು ಧೈರ್ಯವಾಗಿ ಹೇಳಿ. ಅಂಗನವಾಡಿಯಲ್ಲಿ ಹುಟ್ಟಿದ ತಾರೀಖು ಹಿಡಿದು ಚಾರ್ಟಿನಲ್ಲಿ ಚುಕ್ಕೆ ಇಟ್ಟರೆ ಚೆನ್ನಾಗಿ ಬೆಳೆಯುತ್ತಿರುವ ಕೂಸೂ ಕೆಂಪು ಪಟ್ಟಿಯಲ್ಲಿ ಕಾಣಬಹುದು. ಕಾರ್ಡು ತೋರಿಸಿ ಎರಡೂ ತಾರೀಖು ತಿಳಿಸಿ.

ಬೆಚ್ಚಗೆ ಇಡುವುದು

ಈ ಕೂಸುಗಳ ಚರ್ಮದಡಿಯಲ್ಲಿ ಕೊಬ್ಬು ತೀರ ಕಡಿಮೆ. ತಣ್ಣಗಾದ ಕೂಸು ಮೈ ಕಾಯಿಸಿಕೊಳ್ಳಲು ಕುಡಿದ ಹಾಲನ್ನೆಲ್ಲ ಸುಟ್ಟುಕೊಳ್ಳುತ್ತದೆ, ತೂಕ ನಿಲ್ಲುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಪೂರ್ತಿ ಒಣಗುವುದಿಲ್ಲ. ಅರೆಹಸಿ ಬಟ್ಟೆ ಸುತ್ತಿದರೆ ಕೂಸಿನ ಶಾಖ ಅದರೊಳಗೇ ಇಳಿದುಹೋಗುತ್ತದೆ. ಗದಗದ ಕಡೆಯ ಗಾಳಿಯಲ್ಲಿ ಕಿಟಕಿಯ ಪಕ್ಕದ ತೊಟ್ಟಿಲು ಬೇಡ.

ಕೂಸಿನ ಪಾದ ಮುಟ್ಟಿ, ಆಮೇಲೆ ಹೊಟ್ಟೆ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸು ಚಳಿಯ ಜೊತೆ ಹೆಣಗುತ್ತಿದೆ, ಕೂಡಲೇ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಅಪಾಯ. ಡಿಜಿಟಲ್ ಥರ್ಮಾಮೀಟರನ್ನು ಕಂಕುಳಲ್ಲಿಟ್ಟಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ (97.7ರಿಂದ 99.5 ಫ್ಯಾರನ್‌ಹೀಟ್) ಇರಬೇಕು.

ಎಲ್ಲಕ್ಕಿಂತ ಒಳ್ಳೆಯ ಬಿಸಿ ತಾಯಿಯ ಎದೆಯದು. ಕಾಂಗರೂ ಆರೈಕೆ ಎನ್ನುವ ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು (ಇನ್‌ಕ್ಯುಬೇಟರ್) ಸಾಲದೆ ಇದ್ದಾಗ ಶುರುವಾಯಿತು. ದಿನಕ್ಕೆ ಕನಿಷ್ಠ 8 ಗಂಟೆ, ಸಾಧ್ಯವಾದಷ್ಟೂ ಹೆಚ್ಚು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಕೂಸಿಗೆ ಲಂಗೋಟಿ, ಟೋಪಿ, ಕಾಲುಚೀಲ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿಯ ರವಿಕೆ ಮುಂದೆ ಬಿಚ್ಚಿರಲಿ. ಎರಡು ಮೊಲೆಗಳ ನಡುವೆ ಕೂಸನ್ನು ನೆಟ್ಟಗೆ ಇಟ್ಟು ಕೈಕಾಲು ಕಪ್ಪೆಯಂತೆ ಮಡಚಿ. ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಗದ್ದ ಸ್ವಲ್ಪ ಮೇಲಕ್ಕಿರಲಿ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಇದೊಂದನ್ನು ಆಗಾಗ ನೋಡುತ್ತಿರಿ. ಮೆತ್ತಗಿನ ಹಳೆಯ ಸೀರೆಯಿಂದ ಕುಂಡಿಯ ಕೆಳಗಿನಿಂದ ಕಿವಿಯ ಮಟ್ಟದವರೆಗೆ ಕಟ್ಟಿ. ಮೇಲೆ ಬೇಕಾದರೆ ಕೌದಿ ಹೊದ್ದುಕೊಳ್ಳಿ, ಕೂಸಿನ ಮುಖ ಮಾತ್ರ ಮುಚ್ಚಬಾರದು. ಒಮ್ಮೆ ಹಾಕಿಕೊಂಡರೆ ಒಂದು ಗಂಟೆಗಿಂತ ಮೊದಲು ತೆಗೆಯಬೇಡಿ. ಪದೇಪದೇ ಎತ್ತಿ ಇಡುವುದು ಕೂಸಿಗೆ ದಣಿವು. ಬಾಣಂತಿ ದಣಿದಾಗ ಅಪ್ಪನೋ ಅಜ್ಜಿಯೋ ಹಾಕಿಕೊಳ್ಳಬಹುದು. ಕೂಸು ಸುಮಾರು 2.5 ಕಿಲೋ ಆದಮೇಲೆ ತಾನೇ ಒದ್ದಾಡಿ ಬೇಡವೆನ್ನುತ್ತದೆ.

ಹಾಲು

ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಹೊಂದಿಕೊಳ್ಳುವುದು ಸುಮಾರು 34ನೇ ವಾರಕ್ಕೆ. ಅದಕ್ಕೇ ಮುಂಚೆ ಹುಟ್ಟಿದ ಕೂಸು ಎದೆಗೆ ಬಾಯಿಟ್ಟು ನಾಲ್ಕು ಸಲ ಚೀಪಿ ಮಲಗಿಬಿಡುತ್ತದೆ. "ಹೊಟ್ಟೆ ತುಂಬಿತು" ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಅಳುವವರೆಗೆ ಕಾಯಬೇಡಿ, ಎರಡು ತಾಸಿಗೊಮ್ಮೆ ನೀವೇ ಎಬ್ಬಿಸಿ, ರಾತ್ರಿಯೂ. ಮೊದಲು ಎದೆಗೆ ಹಾಕಿ, ಆಮೇಲೆ ಹಿಂಡಿದ ಹಾಲನ್ನು ಒಳಲೆಯಲ್ಲೋ ಸಣ್ಣ ಬಟ್ಟಲಲ್ಲೋ ಕುಡಿಸಿ. ಕೂಸನ್ನು ತೊಡೆಯ ಮೇಲೆ ಅರ್ಧ ಕೂರಿಸಿ, ಒಳಲೆಯ ತುದಿಯನ್ನು ಬಾಯಿಯ ಅಂಚಿಗೆ ತಾಗಿಸಿ, ನುಂಗಿದ ಮೇಲೆಯೇ ಮುಂದಿನ ಗುಟುಕು. ಬಾಯಿಗೆ ಸುರಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ. ಬಾಟಲಿ ಬೇಡ.

ಅಳತೆ ಹೀಗೆ: ಪೂರ್ತಿ ಹಾಲಿಗೆ ಬಂದ ಕೂಸಿಗೆ ದಿನಕ್ಕೆ ಕಿಲೋಗೆ ಸುಮಾರು 160 ಮಿಲಿ. 1.8 ಕಿಲೋ ಕೂಸಿಗೆ 288 ಮಿಲಿ, ಹನ್ನೆರಡು ಸಲಕ್ಕೆ ಹಂಚಿದರೆ ಸಲಕ್ಕೆ 24 ಮಿಲಿ. ಆಸ್ಪತ್ರೆಯವರು ಬೇರೆ ಅಳತೆ ಬರೆದುಕೊಟ್ಟಿದ್ದರೆ ಅದೇ ಸರಿ.

ಹಾಲು ಹಿಂಡುವಾಗ ಹೆಬ್ಬೆರಳು ಮತ್ತು ತೋರುಬೆರಳನ್ನು ಮೊಲೆತೊಟ್ಟಿನಿಂದ ಮೂರು-ನಾಲ್ಕು ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ. ತೊಟ್ಟನ್ನೇ ಎಳೆದರೆ ನೋವಾಗುತ್ತದೆ, ಹಾಲು ಬರುವುದಿಲ್ಲ. ದಿನಕ್ಕೆ 8-10 ಸಲ ಹಿಂಡಬೇಕು. ರಾತ್ರಿ ಬಿಟ್ಟರೆ ಹಾಲು ಕಡಿಮೆಯಾಗುತ್ತದೆ. ಕುದಿಸಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟ ಹಾಲು ಹೊರಗೆ ನಾಲ್ಕು ತಾಸು, ಫ್ರಿಜ್‌ನಲ್ಲಿ ಒಂದು ದಿನ ಇರುತ್ತದೆ. ಕುದಿಸಬೇಡಿ, ಡಬ್ಬಿಯನ್ನು ಬಿಸಿನೀರಲ್ಲಿ ಇಳಿಸಿಟ್ಟರೆ ಸಾಕು.

ತೂಕ

ಮೊದಲ ವಾರ ತೂಕ ಇಳಿಯುವುದು ಸಹಜ. ಎರಡು ವಾರದ ಸುಮಾರಿಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಆಮೇಲೆ ಮನೆಯಲ್ಲಿ ದಿನಕ್ಕೆ 20-30 ಗ್ರಾಂ, ವಾರಕ್ಕೆ 150-200 ಗ್ರಾಂ ಏರಬೇಕು. ವಾರಕ್ಕೊಮ್ಮೆ ಅದೇ ತಕ್ಕಡಿ, ಅದೇ ಹೊತ್ತು, ಬರಿಮೈ, ಹಾಲಿಗೆ ಮೊದಲು. ಒಂದು ವಾರ ಏರದಿದ್ದರೆ ಪುಡಿಹಾಲು ತರುವ ಮೊದಲು ಕಾರಣ ಹುಡುಕಿ. ರಾತ್ರಿಯ ಹಾಲು ತಪ್ಪುತ್ತಿದೆಯೇ? ಪಾದ ತಣ್ಣಗಿದೆಯೇ? ಒಂದು ಸಲ ಕುಡಿಸಲು ಅರ್ಧ ತಾಸಿಗಿಂತ ಹೆಚ್ಚು ಹಿಡಿಯುತ್ತಿದೆಯೇ? ಹಾಗಾದರೆ ಕೂಸು ಗಳಿಸಿದ್ದನ್ನು ಕುಡಿಯುವ ಶ್ರಮದಲ್ಲೇ ಕಳೆಯುತ್ತಿದೆ. ಗುಟ್ಟಿ, ಜೇನು, ಸಕ್ಕರೆ ನೀರು ಹೊಟ್ಟೆಯಲ್ಲಿ ಹಾಲಿನ ಜಾಗ ಹಿಡಿಯುತ್ತಿವೆಯೇ? ದಿನಕ್ಕೆ ಆರರಿಂದ ಎಂಟು ಸಲ ಉಚ್ಚೆ ಹೊಯ್ದರೆ ಹಾಲು ಸಾಕಷ್ಟು ಹೋಗುತ್ತಿದೆ ಎಂದರ್ಥ.

ದಿನ ತುಂಬಿಯೂ ತೂಕ ಕಡಿಮೆ ಇರುವ ಕೂಸಿನ ಮಾತು ಸ್ವಲ್ಪ ಬೇರೆ. ಅದಕ್ಕೆ ಸರಿಪಡಿಸಿದ ವಯಸ್ಸು ಇಲ್ಲ. ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಹಾಲಿನ ನಡುವೆ ಅಂತರ ಬೀಳಬಾರದು.

ತಪ್ಪಿಸಲೇಬಾರದ ತಾರೀಖುಗಳು

ಕಣ್ಣಿನದು ಮೊದಲು. 2,000 ಗ್ರಾಂಗಿಂತ ಕಡಿಮೆ ಇದ್ದ, ಇಲ್ಲವೇ 34 ವಾರಕ್ಕಿಂತ ಮುಂಚೆ ಹುಟ್ಟಿದ ಕೂಸಿಗೆ 30 ದಿನದೊಳಗೆ ಕಣ್ಣಿನ ಹಿಂಭಾಗದ ತಪಾಸಣೆ ಆಗಲೇಬೇಕು. 28 ವಾರಕ್ಕಿಂತ ಮುಂಚಿನದು, 1,200 ಗ್ರಾಂಗಿಂತ ಕಡಿಮೆಯದು ಎರಡು-ಮೂರು ವಾರದಲ್ಲೇ. ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪದರ) ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ, ಹುಟ್ಟಿದ ಮೇಲೆ ದಾರಿತಪ್ಪಿ ಬೆಳೆದರೆ ಪಟಲವೇ ಕಿತ್ತುಬಂದು ಕೂಸು ಕುರುಡಾಗಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಇಕ್ಕಟ್ಟು ಇರುವುದೇ ಇಲ್ಲಿ. ಸಕಾಲಕ್ಕೆ ಲೇಸರ್ ಇಲ್ಲವೇ ಇಂಜೆಕ್ಷನ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ನಮ್ಮ ಉದಾಹರಣೆಯ ಕೂಸಿಗೆ ಗಡುವು ಜುಲೈ 15, ಬಾಣಂತನದ ನಡುವೆಯೇ. ತಾಯಿ ತವರಿನಲ್ಲಿ ರೋಣದಲ್ಲೋ ಹಾನಗಲ್ಲಿನಲ್ಲೋ ಇರುವಾಗ ಈ ದಿನ ಜಾರಿಹೋಗುತ್ತದೆ. ಹುಬ್ಬಳ್ಳಿ, ಗದಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾಗಲಿ, ಹಾವೇರಿ ಜಿಲ್ಲಾಸ್ಪತ್ರೆಯಾಗಲಿ, ಬಿಡುಗಡೆಯ ದಿನವೇ ಕಣ್ಣಿನ ತಪಾಸಣೆ ಎಲ್ಲಿ, ಯಾವ ತಾರೀಖು ಎಂದು ಬರೆಸಿಕೊಂಡು ಬನ್ನಿ. ಒಮ್ಮೆ ನೋಡಿ "ಮತ್ತೆ ಬನ್ನಿ" ಎಂದರೆ ಹೋಗಲೇಬೇಕು. ನಾಳಗಳು ಪೂರ್ತಿ ಬೆಳೆಯುವವರೆಗೆ ತಪಾಸಣೆ ಮುಗಿಯುವುದಿಲ್ಲ.

ಕಿವಿಯ ತಪಾಸಣೆ ಒಂದು ತಿಂಗಳೊಳಗೆ. ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತವಾಗಬೇಕು. ಲಸಿಕೆಗೆ ಹುಟ್ಟಿದ ತಾರೀಖಿನಿಂದ 6, 10, 14 ವಾರ. ನಮ್ಮ ಕೂಸಿಗೆ ಮೊದಲ ಸರದಿ ಜುಲೈ 27, ಅಂದರೆ ಕೊಟ್ಟ ತಾರೀಖಿಗಿಂತಲೂ ಮುಂಚೆ. ಸಣ್ಣದೆಂದು ಮುಂದೂಡಬೇಡಿ.

ವಿಟಮಿನ್ ಡಿ ದಿನಕ್ಕೆ 400 ಯೂನಿಟ್. ಕೆಲವು ಬಾಟಲಿಗಳಲ್ಲಿ ಒಂದು ಮಿಲಿಗೆ 400, ಕೆಲವದರಲ್ಲಿ 800 ಇರುತ್ತದೆ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಲೇಬಲ್ ಓದಿಯೇ ಹಾಕಿ. ಕಬ್ಬಿಣದ ಹನಿ ಎರಡರಿಂದ ಆರು ವಾರದೊಳಗೆ ಶುರು, ದಿನಕ್ಕೆ ಕಿಲೋಗೆ 2-3 ಮಿಲಿಗ್ರಾಂ. ತೂಕ ಏರಿದಂತೆ ಹನಿಯ ಅಳತೆಯೂ ಏರಬೇಕು, ಇದನ್ನು ಡಾಕ್ಟರಿಗೆ ನೆನಪಿಸಿ. ಮಲ ಕಪ್ಪಾದರೆ ಗಾಬರಿ ಬೇಡ.

ಬಾಣಂತನದಲ್ಲಿ ಯಾವುದು ಬೇಡ

2.5 ಕಿಲೋ ಆಗುವವರೆಗೆ ಎರೆಯಬೇಡಿ, ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಲೋಬಾನದ ಹೊಗೆ ಬೇಡ, ಈ ಶ್ವಾಸಕೋಶ ತಡೆಯುವುದಿಲ್ಲ. ಕಣ್ಣಿಗೆ ಕಾಡಿಗೆ, ಮೂಗು-ಕಿವಿಗೆ ಎಣ್ಣೆ ಬೇಡ. ಕೊಬ್ಬರಿ ಎಣ್ಣೆಯನ್ನು ಒತ್ತದೆ ಸವರಬಹುದು. ತಲೆ ಗುಂಡಗಾಗಲೆಂದು ದಿಂಬು ಬೇಡ, ಮಲಗಿಸುವುದು ಅಂಗಾತ.

ಬೆಳವಣಿಗೆ

ಸರಿಪಡಿಸಿದ ವಯಸ್ಸಿನಲ್ಲಿ ಎರಡು ತಿಂಗಳಿಗೆ ಮುಖ ನೋಡಿ ನಗು, ನಾಲ್ಕಕ್ಕೆ ಕುತ್ತಿಗೆ, ಎಂಟರ ಸುಮಾರಿಗೆ ಆಸರೆ ಇಲ್ಲದೆ ಕೂರುವುದು, ಹದಿನೆಂಟರೊಳಗೆ ನಡಿಗೆ. ಎಚ್ಚರವಿರುವಾಗ ದಿನಕ್ಕೆ ಹಲವು ಸಲ ಎರಡೆರಡು ನಿಮಿಷ ಎದೆಯ ಮೇಲೆ ಬೋರಲು ಮಲಗಿಸಿಕೊಳ್ಳಿ. ವಾಕರ್ ತರಬೇಡಿ. ನಾಲ್ಕು ತಿಂಗಳಾದರೂ ಮುಷ್ಟಿ ಬಿಚ್ಚದಿದ್ದರೆ, ಕಾಲು ಕತ್ತರಿಯಂತೆ ಬಿಗಿದರೆ, ವರ್ಷದೊಳಗೇ ಒಂದೇ ಕೈ ಬಳಸಿದರೆ ಕಾಯಬೇಡಿ, ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ (ಡಿಇಐಸಿ, ಬೆಳವಣಿಗೆಯ ತೊಂದರೆಯನ್ನು ಬೇಗ ಹಿಡಿದು ಚಿಕಿತ್ಸೆ ಕೊಡುವ ಕಡೆ) ತೋರಿಸಿ. ಮೇಲಿನ ಆಹಾರ ಸರಿಪಡಿಸಿದ ಆರು ತಿಂಗಳಿಗೆ, ಕುತ್ತಿಗೆ ನಿಂತ ಮೇಲೆ: ಅಕ್ಕಿ-ಹೆಸರುಬೇಳೆ ನುಣ್ಣಗೆ ಬೇಯಿಸಿ ಮೇಲೊಂದು ಚಮಚ ತುಪ್ಪ. ಚಮಚದಿಂದ ಸುರಿಯುವಂತಿರಬಾರದು, ಅಂಟಿ ನಿಲ್ಲುವಷ್ಟು ಗಟ್ಟಿ ಇರಲಿ. ನೀರುಗಂಜಿಯಲ್ಲಿ ಬಲವಿಲ್ಲ.

ಯಾವಾಗ ಓಡಬೇಕು

ಎರಡು ಸಲ ಸತತ ಹಾಲು ಬಿಟ್ಟರೆ, ಎದೆಗೆ ಹಾಕಿಕೊಂಡರೂ ಮೈ ಬಿಸಿಯಾಗದಿದ್ದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಪಕ್ಕೆ ಒಳಗೆಳೆದರೆ, ಉಸಿರು ನಿಂತು ತುಟಿ ನೀಲಿಯಾದರೆ, ಅಂಗೈ-ಅಂಗಾಲಿಗೆ ಕಾಮಾಲೆಯ ಹಳದಿ ಬಂದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಫಿಟ್ಸ್ ಬಂದರೆ ಬೆಳಗಾಗಲಿ ಎನ್ನಬೇಡಿ. 108ಕ್ಕೆ ಕರೆ ಮಾಡಿ. ಬಿಡುಗಡೆಯ ಕಾಗದ, ತಾಯಿ ಕಾರ್ಡು ಕೈಯಲ್ಲಿರಲಿ. ದಾರಿಯುದ್ದಕ್ಕೂ ಕೂಸು ಎದೆಗೆ ಕಟ್ಟಿಕೊಂಡೇ ಇರಲಿ, ಟೋಪಿ ತೆಗೆಯದೆ.