ಲೇಸರ್ ಕೂಡಿಸೋ ಮುಂಚೆ ಚಹಾ ಲೋಟ ಎತ್ತಿಡ್ರಿ

ದಾವಣಗೆರೆಯ ನನ್ನ ಟಿವಿ ರಿಪೇರಿ ಅಂಗಡಿಗೆ ಇಬ್ಬರು ಇಂಜಿನಿಯರಿಂಗ್ ಹುಡುಗರು ಬಂದು, "ಅಂಕಲ್, ಕೆಂಪು, ಹಸಿರು ಲೇಸರ್ ಕೂಡಿಸಿ ಒಂದೇ ಹಳದಿ ಗೆರೆ ಮಾಡ್ಬೇಕು" ಅಂದರು. ಮಾಡ್ರಿ, ಚೆಂದ ಇರ್ತದೆ. ಆದ್ರೆ ಮೊದಲು ಒಂದು ಹಾಳೆ, ಪೆನ್ನು ತಗೋರಿ ಅಂದೆ.

ಹಾಳೆ ಮೇಲೆ ಬರೀಬೇಕಾದ್ದು ಕೂಡೋ ಲೆಕ್ಕ. ಲೇಸರ್ ಕಣ್ಣಿಗೆ ಎಷ್ಟು ಅಪಾಯ ಅನ್ನೋದನ್ನ ಕ್ಲಾಸ್ ಅಂತ ವಿಂಗಡಿಸ್ತಾರೆ. ಕಣ್ಣಿಗೆ ಕಾಣೋ ಬೆಳಕಿನ ಶಕ್ತಿ 1 ಮಿಲಿವ್ಯಾಟ್ ಒಳಗಿದ್ರೆ ಕ್ಲಾಸ್ 2; ರೆಪ್ಪೆ ತಾನೇ ಮುಚ್ಚಿ ಕಾಯ್ತದೆ. 5ರವರೆಗೆ 3ಆರ್, 500ರವರೆಗೆ 3ಬಿ, ಅದಕ್ಕೂ ಮೇಲೆ 4. ಎರಡು 5 ಮಿಲಿವ್ಯಾಟಿನವು ಕೂಡಿದ್ರೆ 10, ಅಂದ್ರೆ 3ಬಿ. ಬಿಡಿಬಿಡಿಯಾಗಿ 3ಆರ್, ಜೋಡಿಯಾದ್ರೆ ಅದಕ್ಕಿಂತ ಅಪಾಯ. ಅದಕ್ಕೇ ಮೊದಲ ಸಲ ಎರಡೂ 1 ಮಿಲಿವ್ಯಾಟ್ ಒಳಗೇ ಇರಲಿ. ಆಗಲೂ ಮೊತ್ತ 3ಆರ್ ತನಕ ಹೋಗಬಹುದು, ಗೆರೆಯೊಳಗೆ ನೇರ ನೋಡೋ ಹಾಗಿಲ್ಲ. ಅಗ್ಗದ ಪಾಯಿಂಟರ್ ಮೇಲಿನ ಚೀಟಿ ನಂಬಬೇಡ್ರಿ. ಅದರಲ್ಲೂ 532 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಬಣ್ಣ ಗುರುತಿಸೋ ಅಳತೆ) ಹಸಿರು ಪಾಯಿಂಟರಿಗೆ ಫಿಲ್ಟರ್ ಹಾಕಿರದಿದ್ರೆ 808, 1064ರ ಕಾಣದ ಕಿರಣವೂ ಹೊರಬರ್ತದೆ; ಕಾಣದ್ದಕ್ಕೆ ರೆಪ್ಪೆ ಮುಚ್ಚೋದಿಲ್ಲ. ನಾನು ನೇರವಾಗಿ ಹಸಿರು ಬೆಳಕು ಕೊಡೋ 520ರ ಡಯೋಡನ್ನೇ ತಗೊಳ್ರಿ ಅಂತೀನಿ.

ಕೂಡಿಸೋಕೆ ಬೇಕಾದ್ದು ಡೈಕ್ರೋಯಿಕ್ ಕನ್ನಡಿ, ಅಂದ್ರೆ ಒಂದು ಬಣ್ಣ ಬಿಟ್ಟು ಇನ್ನೊಂದನ್ನ ತಿರುಗಿಸೋದು. 45 ಡಿಗ್ರಿ ಓರೆಯಾಗಿಟ್ರೆ ಕೆಂಪು ಆರಪಾರ ಹೋಗ್ತದೆ, ಹಸಿರು ಬಡಿದು ತಿರುಗಿ ಅದೇ ದಾರಿ ಹಿಡೀತದೆ. ಎರಡೂ ಒಂದೇ ಬಣ್ಣ ಆದ್ರೆ ಇದು ಬರಲ್ಲ, ಬೆಳಕು ಅಲುಗೋ ದಿಕ್ಕು ನೋಡಿ ಬಿಡೋ, ತಿರುಗಿಸೋ ಪೋಲರೈಸಿಂಗ್ ಕ್ಯೂಬ್ ಬೇಕು. ಹಸಿರಿನ ದಾರೀಲಿ ಡೈಕ್ರೋಯಿಕ್ ಕನ್ನಡಿಗೂ ಮುಂಚೆ ಇನ್ನೊಂದು ಸಾದಾ ಕನ್ನಡಿ ಇಡ್ರಿ. ಎರಡು ಗ್ರಾಫ್ ಹಾಳೆ ತಗೊಂಡು ಒಂದನ್ನ ಹತ್ತಿರ, ಒಂದನ್ನ ಎದುರು ಗೋಡೆಗೆ ಅಂಟಿಸ್ರಿ. ಹತ್ತಿರದ ಹಾಳೇಲಿ ಹಸಿರು ಚುಕ್ಕೆ ಕೆಂಪಿನ ಮೇಲೆ ಬೀಳದಿದ್ರೆ ಸಾದಾ ಕನ್ನಡಿ ತಿರುಗಿಸ್ರಿ, ದೂರದ್ದು ತಪ್ಪಿದ್ರೆ ಡೈಕ್ರೋಯಿಕ್. ಒಂದು ಸರಿ ಮಾಡಿದ್ರೆ ಇನ್ನೊಂದು ಸ್ವಲ್ಪ ಜಾರ್ತದೆ. ಹತ್ತು ಸಲ ಆಗಬಹುದು, ಸಿಟ್ಟು ಬೇಡ.

ನನಗೂ ಒಮ್ಮೆ ಹಾಗೇ ಸಿಟ್ಟು ಬಂದು ಚಹಾ ಕುಡಿದು ಸ್ಟೀಲ್ ಲೋಟ ಮೇಜಿನ ಮೇಲೇ ಇಟ್ಟೆ. ಗುಂಡನೆಯ ಹೊಳಪಿಗೆ ಬಡಿದ ಗೆರೆ ಸೀದಾ ಬಾಗಿಲಿಗೆ ಹೋಯ್ತು. ಪುಣ್ಯಕ್ಕೆ ಅಲ್ಲಿ ಗಿರಾಕಿ ಇರಲಿಲ್ಲ. ಅವತ್ತಿಂದ ಗಡಿಯಾರ, ಉಂಗುರ, ಲೋಟ ಎಲ್ಲಾ ಹೊರಗೆ. ಕೂತಾಗ ಕಣ್ಣಿನ ಮಟ್ಟಕ್ಕೆ ಗೆರೆ ಬರಬಾರದು, ಕೊನೇಲಿ ಕಪ್ಪು ಮ್ಯಾಟ್ ಬಣ್ಣದ ತಡೆ ಇರಬೇಕು.

ಲೇಸರ್ ಶಕ್ತಿ ಹೆಚ್ಚಿಸೋರಿಗೆ ಲೇಸರ್ ತಡೆಯೋ ಕನ್ನಡಕ ಬೇಕೇ ಬೇಕು, ಆದ್ರೆ ಹಸಿರಿಗೆ ಅಂತ ಕೊಂಡದ್ದು ಕೆಂಪನ್ನ ತಡೆಯೋದಿಲ್ಲ. ಎರಡೂ ತರಂಗಾಂತರ ಅದರ ಮೇಲೆ ಬರೆದಿರಬೇಕು. ಎಷ್ಟು ತಡೀತದೆ ಅನ್ನೋದಕ್ಕೆ ಓಡಿ (ಆಪ್ಟಿಕಲ್ ಡೆನ್ಸಿಟಿ) ಅಂತ ಅಂಕಿ ಇರ್ತದೆ; ಓಡಿ 3 ಅಂದ್ರೆ ಸಾವಿರದಲ್ಲಿ ಒಂದು ಪಾಲಷ್ಟೇ ಒಳಗೆ.

ಹುಡುಗರು ಕೊನೇಗೆ "ಟೆರೇಸ್ ಮೇಲೆ ಹೊಡೀಬಹುದಾ?" ಅಂತ ಕೇಳಿದರು. ಇಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ವಿಮಾನ ಪರೀಕ್ಷಾ ತಾಣವೇ ಇದೆ, ನಮ್ಮ ಕಡೆ ಆಕಾಶ ಖಾಲಿ ಅಲ್ಲ. ವಿಮಾನದ ಕಡೆ ಲೇಸರ್ ಹಿಡಿಯೋದು ಅಪರಾಧ. ರಸ್ತೇಲಿ ಯಾರದೋ ಕಣ್ಣಿಗೆ ಬಿದ್ರೂ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ, ಬೇರೆಯವರ ಸುರಕ್ಷತೆಗೆ ಅಪಾಯ ತಂದದ್ದಕ್ಕೆ. ಗೆರೆ ಕಾಣಬೇಕು ಅಂದ್ರೆ ಕಿಟಕಿ ಮುಚ್ಚಿ ಒಂದು ಊದುಬತ್ತಿ ಹಚ್ರಿ.